ದವಾಖಾನೆಯಲ್ಲಿ ಗುಳಿಗೆ ಕೊಡಲು ಫಾರ್ಮಾಸಿಸ್ಟೇ ಬೇಕೇ? ಕ್ವಿನೈನ್ ಮೋಸದಿಂದ ಶುರುವಾದ ಕರ್ನಲ್ ಚೋಪ್ರಾ ಅವರ ಕಥೆ

ಹುಬ್ಬಳ್ಳಿಯ ಕಿಮ್ಸ್‌ನಲ್ಲೋ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲೋ ಡಾಕ್ಟರಿಗೆ ತೋರಿಸಿಕೊಂಡು, ಚೀಟಿ ಹಿಡಿದು ಔಷಧ ಕೊಡುವ ಕಿಟಕಿಯ ಮುಂದೆ ಪಾಳಿ ಹಚ್ಚಿದ್ದೀರಿ ಎಂದುಕೊಳ್ಳಿ. ಔಷಧ ಬರೆದುಕೊಟ್ಟವರು ಡಾಕ್ಟರು. ಗುಳಿಗೆ ತಯಾರಿಸಿದ್ದು ಕಂಪನಿ. ನಡುವೆ ನಿಂತು ಸ್ಟ್ರಿಪ್ ಕತ್ತರಿಸಿ ಕೊಡುವವರಿಗೆ ಬೇರೆ ಓದು ಯಾಕೆ ಬೇಕು? ಚೀಟಿ ಓದಲು ಬಂದರೆ ಸಾಲದೇ? ಡಾಕ್ಟರ್ ಒಳಗೇ ಇರುವಾಗ ಆಸ್ಪತ್ರೆಗೆ ಫಾರ್ಮಾಸಿಸ್ಟ್ ಬೇಕಾಗಿಲ್ಲ ಎಂದು ನಂಬಿದವರು ಬಹಳ ಜನ ಇದ್ದಾರೆ.

ಈ ನಂಬಿಕೆ ತಪ್ಪು. ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಔಷಧ ವಿತರಣೆ ನೋಂದಾಯಿತ ಫಾರ್ಮಾಸಿಸ್ಟರ ಉಸ್ತುವಾರಿಯಲ್ಲಿ ನಡೆಯಬೇಕು ಎನ್ನುತ್ತದೆ ಕಾನೂನು. ಇದು ಬರೀ ಕಾಗದದ ಕಟ್ಟಳೆಯಾಗಿ ಹುಟ್ಟಿದ್ದಲ್ಲ. ಸುಮಾರು ನೂರು ವರ್ಷದ ಹಿಂದೆ ದೇಶದಲ್ಲಿ ನಡೆದ ದೊಡ್ಡ ಮೋಸ, ಅದನ್ನು ಬಯಲಿಗೆಳೆದ ಒಬ್ಬ ಸೇನಾ ವೈದ್ಯರ ದುಡಿಮೆ ಇದರ ಹಿಂದಿದೆ. ಅವರು ಭಾರತದ ಔಷಧ ವಿಜ್ಞಾನದ ಪಿತಾಮಹ ಎಂದು ಹೆಸರಾದ ಕರ್ನಲ್ ಸರ್ ರಾಮನಾಥ ಚೋಪ್ರಾ.

ಗುಜ್ರಾನ್‌ವಾಲಾದಿಂದ ಕೇಂಬ್ರಿಜ್‌ವರೆಗೆ

ಚೋಪ್ರಾ ಹುಟ್ಟಿದ್ದು 1882ರ ಆಗಸ್ಟ್ 17ರಂದು, ಅವಿಭಜಿತ ಪಂಜಾಬಿನ ಗುಜ್ರಾನ್‌ವಾಲಾದಲ್ಲಿ. ಈ ಊರು ಈಗ ಪಾಕಿಸ್ತಾನದಲ್ಲಿದೆ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದು ಮುಗಿಸಿ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಲಿತರು.

ಅಲ್ಲಿ ಅವರಿಗೆ ಸಿಕ್ಕ ಗುರು ವಾಲ್ಟರ್ ಡಿಕ್ಸನ್. ಔಷಧ ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಪ್ರಯೋಗಗಳಿಂದ ಅಳೆಯುವ ಶಾಸ್ತ್ರ ಆಗಿನ್ನೂ ಎಳೆಯದು. ಡಿಕ್ಸನ್ ಅದರಲ್ಲಿ ಹೆಸರು ಮಾಡಿದವರು. ಔಷಧ ಒಳ್ಳೆಯದು ಎಂದು ಹೇಳಿದರೆ ಸಾಲದು, ಎಷ್ಟು ಪ್ರಮಾಣದಲ್ಲಿ ಒಳ್ಳೆಯದು, ಎಷ್ಟಾದರೆ ವಿಷ ಎಂಬುದನ್ನು ಅಳೆದು ತೋರಿಸಬೇಕು. ಚೋಪ್ರಾ ಅವರ ಮುಂದಿನ ಎಲ್ಲ ಕೆಲಸದಲ್ಲೂ ಈ ಪಾಠ ಕಾಣುತ್ತದೆ.

1908ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಇದು ಬ್ರಿಟಿಷ್ ಭಾರತದ ಸೇನಾ ವೈದ್ಯರ ಸೇವೆ. ಹೆಚ್ಚಿನ ಅಧಿಕಾರಿಗಳು ಬ್ರಿಟಿಷರೇ ಆಗಿದ್ದ ಕಾಲದಲ್ಲಿ ಒಬ್ಬ ಭಾರತೀಯ ಅಲ್ಲಿ ಜಾಗ ಪಡೆಯುವುದು ಸುಲಭದ ಮಾತಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅವರು ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದರು.

ಕಲ್ಕತ್ತದ ಪ್ರಯೋಗಾಲಯ

1921ರಲ್ಲಿ ಅವರ ಬದುಕು ಹೊಸ ದಾರಿ ಹಿಡಿಯಿತು. ಕಲ್ಕತ್ತದಲ್ಲಿ ಆಗಷ್ಟೇ ಆರಂಭವಾಗಿದ್ದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ಗೆ ಔಷಧ ವಿಜ್ಞಾನದ ಪ್ರಾಧ್ಯಾಪಕರಾಗಿ ಬಂದರು. ಮುಂದಿನ ಇಪ್ಪತ್ತು ವರ್ಷ ಅಲ್ಲಿಯೇ ಕಳೆದರು. ನಂತರ ಆ ಸಂಸ್ಥೆಯ ನಿರ್ದೇಶಕರೂ ಆದರು.

ಅಲ್ಲಿ ಅವರು ಎರಡು ಪ್ರಶ್ನೆಗಳ ಬೆನ್ನು ಹತ್ತಿದರು. ಮೊದಲನೆಯದು, ನಮ್ಮ ಗಿಡಮೂಲಿಕೆಗಳಲ್ಲಿ ನಿಜವಾಗಿ ಏನಿದೆ? ಆಯುರ್ವೇದ, ಯುನಾನಿ ವೈದ್ಯರು ಬಳಸುತ್ತಿದ್ದ ಗಿಡಗಳನ್ನು ಒಂದೊಂದಾಗಿ ಪ್ರಯೋಗಾಲಯಕ್ಕೆ ತಂದು, ಸಾರ ತೆಗೆದು ಪರೀಕ್ಷಿಸಿದರು. ಸರ್ಪಗಂಧ ರಕ್ತದೊತ್ತಡ ಇಳಿಸುತ್ತದೆ ಎಂಬುದರ ಮೇಲೆ ಅವರ ತಂಡ 1930ರ ದಶಕದಲ್ಲಿ ಕೆಲಸ ಮಾಡಿತು. ಭಾರತದ ದೇಶೀಯ ಔಷಧಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1933ರಲ್ಲಿ ಹೊರಬಂತು.

ಇಲ್ಲಿ ಒಂದು ಮಾತು ನೆನಪಿರಲಿ. ಗಿಡದ ಔಷಧಕ್ಕೆ ಅಡ್ಡಪರಿಣಾಮವೇ ಇಲ್ಲ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಿಡಮೂಲಿಕೆಗಳನ್ನು ಅಷ್ಟೊಂದು ಪ್ರೀತಿಸಿದ ಚೋಪ್ರಾ ಅವರೇ ಭಾರತದ ವಿಷಸಸ್ಯಗಳ ಬಗ್ಗೆಯೂ ಪ್ರತ್ಯೇಕ ಪುಸ್ತಕ ಬರೆದರು. ಗಿಡದಿಂದ ಬಂದದ್ದೆಲ್ಲ ಸುರಕ್ಷಿತ ಎಂದು ಅವರು ನಂಬಿರಲಿಲ್ಲ.

ಎರಡನೆಯ ಪ್ರಶ್ನೆ, ಬಾಟಲಿಯ ಮೇಲೆ ಬರೆದದ್ದು ಒಳಗೆ ಇದೆಯೇ? ಹೃದಯದ ಕಾಯಿಲೆಗೆ ಕೊಡುತ್ತಿದ್ದ ಡಿಜಿಟಾಲಿಸ್ ಔಷಧವನ್ನೇ ತೆಗೆದುಕೊಳ್ಳಿ. ಅದರ ಪ್ರಮಾಣ ಕಡಿಮೆಯಾದರೆ ಗುಣವಿಲ್ಲ, ಸ್ವಲ್ಪ ಹೆಚ್ಚಾದರೆ ಜೀವಕ್ಕೇ ಕುತ್ತು. ತಂಪು ದೇಶದಲ್ಲಿ ತಯಾರಾದ ಅಂಥ ಔಷಧ ನಮ್ಮ ಬಿಸಿಲಿಗೆ ಶಕ್ತಿ ಉಳಿಸಿಕೊಳ್ಳುತ್ತದೆಯೇ ಎಂದು ಚೋಪ್ರಾ ಅವರ ಪ್ರಯೋಗಾಲಯ ಪರೀಕ್ಷೆಗೆ ಇಳಿಯಿತು. ಔಷಧ ಎಲ್ಲಿ ತಯಾರಾಯಿತು ಎಂಬಷ್ಟೇ ಮುಖ್ಯ, ಅದನ್ನು ಯಾರು, ಹೇಗೆ ಇಟ್ಟರು ಎಂಬುದು.

ಕಹಿಯಾಗಿದ್ದರೆ ಅಸಲಿಯೇ?

ಆ ಕಾಲದಲ್ಲಿ ಮಲೇರಿಯಾ ದೇಶದ ಪಿಡುಗು. ಧಾರವಾಡದ ಪಶ್ಚಿಮಕ್ಕಿರುವ ಮಲೆನಾಡಿನ ಸೆರಗಿನಲ್ಲೂ ಚಳಿಜ್ವರದ ಹೆದರಿಕೆ ಇತ್ತು. ಅದಕ್ಕಿದ್ದ ಮುಖ್ಯ ಮದ್ದು ಕ್ವಿನೈನ್. ಬೇಡಿಕೆ ಬಹಳ, ಬೆಲೆಯೂ ಬಹಳ. ಹೀಗಾಗಿ ಮೋಸಕ್ಕೂ ದಾರಿಯಾಯಿತು. ಕ್ವಿನೈನ್ ಕಡಿಮೆ ಹಾಕಿ ಬೇರೆ ಪುಡಿ ಬೆರೆಸಿದ ಗುಳಿಗೆಗಳು ಮಾರುಕಟ್ಟೆಗೆ ಬಂದವು.

ಇದರ ಅಪಾಯ ಎಲ್ಲಿದೆ ನೋಡಿ. ಕಹಿ ಇದ್ದರೆ ನಾಲಿಗೆ ಅದನ್ನು ಕ್ವಿನೈನ್ ಎಂದು ಒಪ್ಪಿಕೊಳ್ಳುತ್ತದೆ. ಎಷ್ಟು ಕ್ವಿನೈನ್ ಇದೆ ಎಂದು ನಾಲಿಗೆ ಹೇಳಲಾರದು. ಅರ್ಧ ಪ್ರಮಾಣ ಹೊಟ್ಟೆಗೆ ಹೋದ ರೋಗಿಗೆ ಜ್ವರ ಇಳಿದಂತಾಗಿ ಮತ್ತೆ ಮರಳುತ್ತದೆ. ಡಾಕ್ಟರಿಗೆ ತಮ್ಮ ರೋಗನಿರ್ಣಯದ ಮೇಲೇ ಅನುಮಾನ ಬರುತ್ತದೆ. ಡಾಕ್ಟರು ಸರಿಯಾಗಿಯೇ ಬರೆದಿದ್ದರೂ ರೋಗಿ ಸಾಯಬಹುದು.

1927ರಲ್ಲಿ ಈ ವಿಷಯ ಕೇಂದ್ರ ಶಾಸಕಾಂಗದ ಮೇಲ್ಮನೆಯಾಗಿದ್ದ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಚರ್ಚೆಗೆ ಬಂತು. ಒತ್ತಡ ಹೆಚ್ಚಾಗಿ 1930ರಲ್ಲಿ ಸರ್ಕಾರ ಔಷಧ ವಿಚಾರಣಾ ಸಮಿತಿ ನೇಮಿಸಿತು. ಅಧ್ಯಕ್ಷರಾಗಿ ಆಯ್ಕೆಯಾದವರು ಚೋಪ್ರಾ. ಅದಕ್ಕೇ ಅದು ಚೋಪ್ರಾ ಸಮಿತಿ ಎಂದು ಹೆಸರಾಯಿತು.

ಔಷಧದ ಜೊತೆ ಕೈಯನ್ನೂ ನೋಡಿದ ಸಮಿತಿ

ಸಮಿತಿ ಕಲಬೆರಕೆಯನ್ನು ಮಾತ್ರ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 1931ರ ವರದಿ ಇನ್ನೊಂದು ತೂತನ್ನೂ ತೋರಿಸಿತು. ಔಷಧ ಅಸಲಿಯಾಗಿದ್ದರೂ ಅದನ್ನು ತೂಗಿ, ಬೆರೆಸಿ ಕೊಡುವವರು ಯಾರು?

ಆಗ ಇಂದಿನಂತೆ ಸ್ಟ್ರಿಪ್‌ಗಳಿರಲಿಲ್ಲ. ಡಾಕ್ಟರು ಬರೆದ ಮಿಕ್ಚರನ್ನು ದವಾಖಾನೆಯ ಕಂಪೌಂಡರ್ ಅಲ್ಲೇ ತಯಾರಿಸುತ್ತಿದ್ದ. ಬಾಟಲಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಕತ್ತರಿಸಿದ ಗುರುತುಗಳೇ ಒಂದೊಂದು ಹೊತ್ತಿನ ಅಳತೆ. ಮನೆಯ ಹಿರಿಯರನ್ನು ಕೇಳಿದರೆ ಆ ಬಾಟಲಿಯ ನೆನಪು ಹೇಳಿಯಾರು. ಕಂಪೌಂಡರುಗಳಲ್ಲಿ ಕೈ ಪಳಗಿದವರೂ ಇದ್ದರು, ನೋಡಿ ಕಲಿತವರೂ ಇದ್ದರು. ದೇಶಕ್ಕೆಲ್ಲ ಒಂದೇ ಆದ ಓದಾಗಲಿ ಪರೀಕ್ಷೆಯಾಗಲಿ ನೋಂದಣಿಯಾಗಲಿ ಇರಲಿಲ್ಲ.

ಹೀಗಾಗಿ ಸಮಿತಿ ಮೂರು ಕೆಲಸ ಒಟ್ಟಿಗೆ ಆಗಬೇಕೆಂದಿತು. ಔಷಧದ ಗುಣಮಟ್ಟಕ್ಕೆ ದೇಶಕ್ಕೆಲ್ಲ ಒಂದು ಕಾನೂನು. ಮಾದರಿ ಪರೀಕ್ಷಿಸಲು ಕೇಂದ್ರದಲ್ಲೂ ಪ್ರಾಂತ್ಯಗಳಲ್ಲೂ ಪ್ರಯೋಗಾಲಯ. ಔಷಧ ಕೊಡುವವರಿಗೆ ಸರಿಯಾದ ಶಿಕ್ಷಣ ಮತ್ತು ನೋಂದಣಿ.

ಹದಿನೇಳು ವರ್ಷದ ದಾರಿ

ವರದಿ ಬಂದ ಮರುದಿನವೇ ಕಾನೂನು ಬರಲಿಲ್ಲ. ಆರೋಗ್ಯ ಪ್ರಾಂತ್ಯಗಳ ವಿಷಯವಾಗಿದ್ದರಿಂದ ಒಪ್ಪಿಗೆಗೇ ವರ್ಷಗಳು ಹಿಡಿದವು. ಅಷ್ಟರಲ್ಲಿ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಮುಂದಾಳತ್ವದಲ್ಲಿ ಫಾರ್ಮಸಿ ಶಿಕ್ಷಣ ಶುರುವಾಯಿತು. 1937ರಲ್ಲಿ ಕಲ್ಕತ್ತದಲ್ಲಿ ಔಷಧ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯ ಚೋಪ್ರಾ ಅವರ ನಿರ್ದೇಶನದಲ್ಲೇ ಆರಂಭವಾಯಿತು. ಮುಂದೆ ಅದೇ ಕೇಂದ್ರೀಯ ಔಷಧ ಪ್ರಯೋಗಾಲಯವಾಗಿ ಬೆಳೆಯಿತು.

1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಮೊದಲನೆಯದು ಔಷಧದ ಮೇಲಿನ ಕಾವಲು. ಕೊನೆಯದು ಔಷಧ ಕೊಡುವ ಕೈಯ ಮೇಲಿನ ಕಾವಲು. ಆಗ ಧಾರವಾಡ ಜಿಲ್ಲೆ ಬ್ರಿಟಿಷ್ ಆಡಳಿತದ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಬೇರೆ ಸಂಸ್ಥಾನ. ಹಾಗಾಗಿ 1940ರ ಕಾಯ್ದೆ ಹುಬ್ಬಳ್ಳಿ-ಧಾರವಾಡಕ್ಕೆ ನೇರವಾಗಿ ಅನ್ವಯಿಸಿತು.

ಕೊನೆಯ ವರ್ಷಗಳು

1941ರಲ್ಲಿ ಚೋಪ್ರಾ ಅವರಿಗೆ ಸರ್ ಪದವಿ ಬಂತು. ಅದೇ ವರ್ಷ ಕಲ್ಕತ್ತ ಬಿಟ್ಟು ಜಮ್ಮು-ಕಾಶ್ಮೀರಕ್ಕೆ ಹೋದರು. ಸುಮ್ಮನೆ ಕೂರಲಿಲ್ಲ. ಅಲ್ಲಿಯೂ ಔಷಧ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. 1946ರಲ್ಲಿ ದೇಶೀಯ ವೈದ್ಯಪದ್ಧತಿಗಳ ಬಗ್ಗೆ ನೇಮಕವಾದ ಇನ್ನೊಂದು ಸಮಿತಿಗೂ ಅವರೇ ಅಧ್ಯಕ್ಷರು. 1956ರಲ್ಲಿ, ತಮ್ಮ ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ, ಭಾರತದ ಔಷಧೀಯ ಸಸ್ಯಗಳ ಕೋಶವನ್ನು ಇತರರೊಡನೆ ಸೇರಿ ಹೊರತಂದರು. 1973ರ ಜೂನ್ 13ರಂದು ತೀರಿಕೊಂಡರು. ಆಗ ಅವರಿಗೆ 90 ವರ್ಷ.

ಇಂದು ನಮ್ಮ ಊರಿನಲ್ಲಿ

ಚೋಪ್ರಾ ಸಮಿತಿ ಪ್ರಾಂತ್ಯಗಳಿಗೂ ಪ್ರಯೋಗಾಲಯ ಬೇಕೆಂದಿತ್ತಲ್ಲ. ಇಂದು ಕರ್ನಾಟಕ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಬಳ್ಳಾರಿಯಲ್ಲಿರುವಂತೆ ಹುಬ್ಬಳ್ಳಿಯಲ್ಲೂ ಇವೆ. ಡ್ರಗ್ ಇನ್ಸ್‌ಪೆಕ್ಟರ್ ಅಂಗಡಿಯಿಂದಲೋ ಆಸ್ಪತ್ರೆಯಿಂದಲೋ ತಂದ ಮಾದರಿ ಇಂಥಲ್ಲಿ ಪರೀಕ್ಷೆಯಾಗುತ್ತದೆ.

ಈಗ ಕೆಲವು ತಪ್ಪು ತಿಳಿವಳಿಕೆಗಳನ್ನು ನೋಡೋಣ.

ನಂಬಿಕೆ: ಸರ್ಕಾರಿ ಆಸ್ಪತ್ರೆಗೆ ಔಷಧ ಕಾನೂನು ಅನ್ವಯಿಸುವುದಿಲ್ಲ.
ನಿಜ: ಅರ್ಧ ಸತ್ಯ. ಅಂಗಡಿಗೆ ಬೇಕಾದಂಥ ಮಾರಾಟದ ಲೈಸೆನ್ಸಿನಿಂದ ಮಾತ್ರ ಅವುಗಳಿಗೆ ವಿನಾಯಿತಿ ಇದೆ, ಅದೂ ಷರತ್ತುಗಳ ಮೇಲೆ. ವಿತರಣೆ ಅರ್ಹ ವ್ಯಕ್ತಿಯ ಉಸ್ತುವಾರಿಯಲ್ಲಿ ನಡೆಯಬೇಕು, ಔಷಧವನ್ನು ಸರಿಯಾದ ವಾತಾವರಣದಲ್ಲಿ ಇಡಬೇಕು, ಇನ್ಸ್‌ಪೆಕ್ಟರ್ ಬಂದರೆ ತಪಾಸಣೆಗೆ ಬಿಡಬೇಕು.

ನಂಬಿಕೆ: ಗೋಡೆಯ ಮೇಲೆ ಸರ್ಟಿಫಿಕೇಟ್ ಇದ್ದರೆ ಸಾಕು.
ನಿಜ: ಸಾಲದು. ಖಾಸಗಿ ಆಸ್ಪತ್ರೆಯ ಮೆಡಿಕಲ್ ಸ್ಟೋರ್ ಆಗಲಿ ಹೊರಗಿನ ಅಂಗಡಿಯಾಗಲಿ, ಚೀಟಿಯ ಮೇಲಿನ ಔಷಧವನ್ನು ಫಾರ್ಮಾಸಿಸ್ಟರೇ ಕೊಡಬೇಕು ಅಥವಾ ಅವರ ಖುದ್ದು ಉಸ್ತುವಾರಿಯಲ್ಲಿ ಕೊಡಬೇಕು. ರಾತ್ರಿ ಪಾಳಿಗೂ ಇದೇ ನಿಯಮ. ಊರಲ್ಲೇ ಇಲ್ಲದವರ ಸರ್ಟಿಫಿಕೇಟನ್ನು ಬಾಡಿಗೆಗೆ ತಂದು ತೂಗುಹಾಕುವುದು ಕಾನೂನಿಗೆ ವಿರುದ್ಧ.

ನಂಬಿಕೆ: ಹಾಗಾದರೆ ಆಶಾ ಕಾರ್ಯಕರ್ತೆ ಗುಳಿಗೆ ಕೊಡುವುದೂ ತಪ್ಪು.
ನಿಜ: ತಪ್ಪಲ್ಲ. ಸರ್ಕಾರದ ಆರೋಗ್ಯ ಕಾರ್ಯಕ್ರಮದಡಿ ನರ್ಸ್ ಮತ್ತು ಆರೋಗ್ಯ ಕಾರ್ಯಕರ್ತೆಯರು ಓಆರ್‌ಎಸ್, ಕಬ್ಬಿಣಾಂಶದ ಗುಳಿಗೆಯಂಥವನ್ನು ಕೊಡಲು ನಿಯಮದಲ್ಲೇ ಅವಕಾಶವಿದೆ. ಡಾಕ್ಟರು ತಮ್ಮದೇ ರೋಗಿಗೆ ತಾವೇ ಔಷಧ ಕೊಡುವುದಕ್ಕೂ ಅವಕಾಶವಿದೆ.

ನಂಬಿಕೆ: ಫಾರ್ಮಾಸಿಸ್ಟರ ಕೆಲಸ ಎಣಿಸಿ ಕೊಡುವುದಷ್ಟೇ.
ನಿಜ: 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳುವುದೂ ಅವರ ಕರ್ತವ್ಯ. ಹೆಸರು ಹೋಲುವ ಎರಡು ಔಷಧ ಅದಲುಬದಲಾಗದಂತೆ, ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರುವಂತೆ, ಅವಧಿ ಮುಗಿದದ್ದು ಹೊರಗೆ ಹೋಗದಂತೆ ಅವರು ನೋಡಿಕೊಳ್ಳಬೇಕು. ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು ಎಚ್1 ಎಂಬ ಪಟ್ಟಿಯಲ್ಲಿವೆ. ಅವನ್ನು ಮಾರುವ ಮೆಡಿಕಲ್ ಸ್ಟೋರ್ ಯಾವ ಡಾಕ್ಟರು ಬರೆದರು, ಯಾವ ರೋಗಿಗೆ ಎಷ್ಟು ಕೊಟ್ಟೆವು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು.

ಇದೆಲ್ಲ ಹಳೆಯ ಕಾಲದ ಚಿಂತೆ ಎನಿಸಿದರೆ ಬಳ್ಳಾರಿಯನ್ನು ನೆನೆಯಿರಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ರಕ್ತನಾಳಕ್ಕೆ ಹಾಕಿದ್ದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದಿತು. ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಯಾವ ಬ್ಯಾಚ್, ಯಾವಾಗ ಬಂತು, ಯಾವ ವಾರ್ಡಿಗೆ ಹೋಯಿತು ಎಂಬ ದಾಖಲೆಯೇ ಉಳಿದ ರೋಗಿಗಳ ಜೀವ ಕಾಯುತ್ತದೆ. ಆ ದಾಖಲೆ ಇಡುವುದು ಔಷಧ ವಿಭಾಗದ ಕೆಲಸ.

ನೀವು ಏನು ಮಾಡಬಹುದು?

ಮುಂದಿನ ಸಲ ಕಿಟಕಿಯ ಮುಂದೆ ನಿಂತಾಗ ಫಾರ್ಮಾಸಿಸ್ಟ್ ಯಾರು ಎಂದು ಕೇಳಿ. ಬಿಳಿ ಕೋಟು, ಹೆಸರಿನ ಬ್ಯಾಡ್ಜ್ ಇದೆಯೇ ನೋಡಿ. ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ, ಈಗಾಗಲೇ ತೆಗೆದುಕೊಳ್ಳುತ್ತಿರುವ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳ ಜೊತೆ ನಡೆಯುತ್ತದೆಯೇ ಎಂದು ವಿಚಾರಿಸಿ. ಹಿಂದೆ ಪಾಳಿ ಉದ್ದವಿದೆ ಎಂದು ಸಂಕೋಚ ಬೇಡ. ಖಾಸಗಿ ಮೆಡಿಕಲ್ ಸ್ಟೋರ್ ಆದರೆ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇದೆಯೇ ನೋಡಿ, ಸ್ಟ್ರಿಪ್ಪಿನ ಜೊತೆ ತಾಳೆ ಹಾಕಿ.

ಡಾಕ್ಟರಿಗೂ ರೋಗಿಗೂ ನಡುವೆ ಓದಿದ, ಹೊಣೆ ಹೊತ್ತ ಇನ್ನೊಂದು ಜೋಡಿ ಕಣ್ಣು ಇರಲಿ ಎಂದೇ ಚೋಪ್ರಾ ಸಮಿತಿ ಅಷ್ಟು ದುಡಿಯಿತು. ಆ ಕಣ್ಣಿಗೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿ ದಿನಾ ಗುಳಿಗೆ ನುಂಗುವ ಹಿರಿಯರಿದ್ದರೆ ಇದನ್ನು ಅವರಿಗೂ ಓದಿ ಹೇಳಿ.