ಹೇನಿನ ಹೊಟ್ಟೆಯ ಗುಟ್ಟು ಹಿಡಿದ ಬುಖ್ನರ್

ಮಕ್ಕಳೇ, ಹಿಂಗಾರಿ ಕಾಲದಲ್ಲಿ ನಾಲತವಾಡದ ಸುತ್ತಲಿನ ಎರೆಹೊಲಗಳಲ್ಲಿ ಕುಸುಬೆಯ ಕುಡಿಗೆ ಕಪ್ಪು ಹೇನು ಮುತ್ತಿದ್ದನ್ನು ನೀವು ನೋಡಿರಬಹುದು. ಮುಟ್ಟಿದರೆ ಕೈ ಅಂಟಂಟಾಗುತ್ತದೆ. ಈ ಸಸ್ಯಹೇನಿಗೆ ಗಿಡದ ರಸವೊಂದೇ ಆಹಾರ. ಅದರಲ್ಲಿ ಸಕ್ಕರೆ ಧಾರಾಳ. ಆದರೆ ಮೈ ಬೆಳೆಯಲು ಬೇಕಾದ ಕೆಲವು ಅಮೈನೋ ಆಮ್ಲಗಳು ತೀರ ಕಡಿಮೆ. ಹಾಗಿದ್ದರೂ ನೋಡುನೋಡುತ್ತಲೇ ಹೇನು ದಂಡಾಗಿ ಬೆಳೆಯುತ್ತದೆ. ಹೇಗೆ?

ಇದರ ಗುಟ್ಟು ಹೇನಿನೊಳಗಿನ ಬ್ಯಾಕ್ಟೀರಿಯಾಗಳಲ್ಲಿದೆ. ಇಂಥ ಒಳ್ಳೆಯ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಾಗಿಟ್ಟವರು ಜರ್ಮನಿಯ ಪೌಲ್ ಬುಖ್ನರ್.

ಬುಖ್ನರ್ 1886ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಹುಟ್ಟಿದರು. ಪ್ರಾಣಿಶಾಸ್ತ್ರ ಓದಿದರು. ಸಸ್ಯಹೇನಿನ ಹೊಟ್ಟೆಯಲ್ಲಿ ವಿಚಿತ್ರ ಅಂಗವೊಂದಿರುವುದು ಆಗಲೇ ತಿಳಿದಿತ್ತು. ಮೊಟ್ಟೆಯ ಹಳದಿಯಂಥ ವಸ್ತು ಎಂದು ಕೆಲವರು ಊಹಿಸಿದ್ದರು. ಅದು ಸೂಕ್ಷ್ಮಜೀವಿಗಳ ಮನೆ ಎಂದು 1910ರಲ್ಲಿ ಪಿಯೆರಾಂತೋನಿ ಮತ್ತು ಶುಲ್ತ್ಸ್ ಎಂಬ ಇಬ್ಬರು ಬೇರೆಬೇರೆಯಾಗಿ ಕಂಡುಕೊಂಡರು. ತರುಣ ಬುಖ್ನರ್ ಈ ವಿಷಯವನ್ನು ಹಿಡಿದವರು ಮತ್ತೆ ಬಿಡಲಿಲ್ಲ. ಬ್ಯಾಕ್ಟೀರಿಯಾ ಎಂದರೆ ರೋಗ ಎಂದೇ ಜನ ಹೆದರುತ್ತಿದ್ದ ಕಾಲವದು!

ಕೀಟಗಳನ್ನು ಅತಿ ತೆಳುವಾಗಿ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಎಷ್ಟು ತಾಳ್ಮೆ ಬೇಕೋ! ತಾಯಿಯಿಂದ ಮರಿಗೆ ಬ್ಯಾಕ್ಟೀರಿಯಾ ದಾಟುವ ಬಗೆ ಅವರನ್ನು ಬಹಳವಾಗಿ ಸೆಳೆಯಿತು. ಸಸ್ಯಹೇನಿನಲ್ಲಿ ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವು ಅದರೊಳಗೆ ಸೇರುತ್ತವೆ. ಕೆಲವು ತಿಗಣೆಗಳು ಮೊಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರುತ್ತವೆ. ನಮ್ಮ ಅವರೆ ಬಳ್ಳಿಯಲ್ಲಿ ಕಾಣುವ ದುಂಡನೆಯ ತಿಗಣೆಯದು ಇನ್ನೂ ಸೊಗಸು. ಮೊಟ್ಟೆಗಳ ಜೊತೆಗೆ ಅದು ಬ್ಯಾಕ್ಟೀರಿಯಾ ತುಂಬಿದ ಪುಟ್ಟ ಕಂದು ಗುಳಿಗೆಗಳನ್ನೂ ಎಲೆಯ ಮೇಲೆ ಇಡುತ್ತದೆ. ಹೊರಬಂದ ಮರಿ ಮೊದಲು ಹೀರುವುದು ಆ ಬುತ್ತಿಯನ್ನೇ!

1921ರಲ್ಲಿ ಬುಖ್ನರ್ ಈ ಜೀವಿಗಳ ಸಹಬಾಳ್ವೆಯ ಬಗ್ಗೆ ಪುಸ್ತಕ ಬರೆದರು. ಅದನ್ನು ತಿದ್ದಿ ಬೆಳೆಸುತ್ತಲೇ ಇದ್ದರು. ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಎರಡನೆಯ ಮಹಾಯುದ್ಧ ಬಂತು. 1943ರಲ್ಲಿ ಆ ನಗರದ ಮೇಲೆ ಬಾಂಬುಗಳು ಸುರಿದವು. ಮುಂದೆ ಅವರು ಇಟಲಿಯ ಇಸ್ಕಿಯಾ ದ್ವೀಪದಲ್ಲಿ ನೆಲೆಸಿ ಅಧ್ಯಯನ ಮುಂದುವರಿಸಿದರು. 1978ರಲ್ಲಿ ತೀರಿಕೊಂಡರು.

ಹೇನಿಗೆ ಬೇಕಾದ ಅಮೈನೋ ಆಮ್ಲಗಳನ್ನು ಈ ಬ್ಯಾಕ್ಟೀರಿಯಾಗಳೇ ತಯಾರಿಸಿ ಕೊಡುತ್ತವೆ ಎಂಬುದು ಮುಂದಿನ ಸಂಶೋಧನೆಗಳಿಂದ ಖಚಿತವಾಯಿತು. ಔಷಧ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಹೇನು ಸೊರಗುತ್ತದೆ, ಮರಿ ಹಾಕುವುದೂ ಬಹುಮಟ್ಟಿಗೆ ನಿಲ್ಲುತ್ತದೆ. 1991ರಲ್ಲಿ ವಿಜ್ಞಾನಿಗಳು ಆ ಬ್ಯಾಕ್ಟೀರಿಯಾಕ್ಕೆ ಬುಖ್ನರ್ ನೆನಪಿಗಾಗಿ ‘ಬುಖ್ನೆರಾ’ ಎಂದು ಹೆಸರಿಟ್ಟರು. ಕುಸುಬೆಯ ಕುಡಿಯ ಮೇಲೆ ಇಂದು ಹುಟ್ಟುವ ಹೇನಿನ ಮರಿಯೂ ಬುಖ್ನೆರಾವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟುತ್ತದೆ.