ಮಳೆಗಾಳಿಗಳನ್ನು ಅಳೆದ ವಿದುಷಿ ಅನ್ನಾ ಮಣಿ

ನಮ್ಮ ಪರಿಗಿಯ ಸೀಮೆ ಮಳೆಯ ದಾರಿ ಕಾಯುವ ಸೀಮೆ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ದೇವರಾಯನದುರ್ಗದಿಂದ ಇಳಿದುಬರುವ ಜಯಮಂಗಲಿಯೂ ಇಲ್ಲಿ ಕೂಡುತ್ತವೆ. ವರ್ಷದ ಬಹುಕಾಲ ಮರಳಾಗಿ ಮಲಗಿರುವ ಈ ನದಿಗಳು ಮೇಲಣ ನಾಡಿನಲ್ಲಿ ಭಾರಿ ಮಳೆಯಾದಾಗ ಒಮ್ಮೆಲೇ ಉಕ್ಕಿಬರುತ್ತವೆ. ಅಂತಹ ವೇಳೆಯಲ್ಲಿ ಮುನ್ನೆಚ್ಚರಿಕೆಯೇ ಪ್ರಾಣರಕ್ಷೆ.

ಬಿರುಗಾಳಿಯ ಸುದ್ದಿಯನ್ನು ತಂತಿಯ ಮೂಲಕ ಬಂದರುಗಳಿಗೆ ಮೊದಲೇ ತಿಳಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ 1861ರಲ್ಲಿ ಆರಂಭಿಸಿದವರು ರಾಬರ್ಟ್ ಫಿಟ್ಜ್‌ರಾಯ್. 1864ರ ಕಲ್ಕತ್ತಾ ಚಂಡಮಾರುತದ ಘೋರ ಪ್ರಾಣಹಾನಿಯ ಬಳಿಕ, 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇಂದು ಆ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಜನರನ್ನು ಎಚ್ಚರಿಸುತ್ತದೆ. ಆದರೆ ಎಚ್ಚರಿಕೆಯ ಬುನಾದಿ ಅಳತೆ. ಅಳತೆ ತಪ್ಪಿದರೆ ಎಚ್ಚರಿಕೆಯೂ ತಪ್ಪುತ್ತದೆ. ಆ ಅಳತೆಯ ಉಪಕರಣಗಳನ್ನು ಸ್ವತಂತ್ರ ಭಾರತದಲ್ಲಿಯೇ ತಯಾರಿಸಲು ದುಡಿದ ಅನ್ನಾ ಮಣಿಯವರನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ನಾವು ಗೌರವದಿಂದ ಸ್ಮರಿಸುತ್ತೇವೆ.

ಅವರು 1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಎಂಟು ಮಕ್ಕಳಲ್ಲಿ ಏಳನೆಯವರಾಗಿ ಜನಿಸಿದರು. ಆ ಮನೆಯಲ್ಲಿ ಗಂಡುಮಕ್ಕಳಿಗೆ ಉದ್ಯೋಗ, ಹೆಣ್ಣುಮಕ್ಕಳಿಗೆ ವಿವಾಹ ಎಂಬುದೇ ರೂಢಿ. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆಗಳನ್ನು ಕೊಡಲು ಬಂದಾಗ ಬಾಲಕಿ ಅವನ್ನು ಒಲ್ಲದೆ ವಿಶ್ವಕೋಶದ ಸಂಪುಟಗಳನ್ನು ಬೇಡಿದಳು. ಗಾಂಧೀಜಿಯವರ ಪ್ರಭಾವದಿಂದ ಖಾದಿಯನ್ನು ಉಡತೊಡಗಿದಳು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು 1940ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಓಲೆಯಲ್ಲಿ ಬೇಡವೆಂದ ವಜ್ರವೇ ಅಲ್ಲಿ ಅವರ ಅಧ್ಯಯನದ ವಸ್ತುವಾಯಿತು. ಸಿ. ವಿ. ರಾಮನ್ ಅವರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಶೋಧಿಸಿ ಐದು ಪ್ರಬಂಧಗಳನ್ನು ಪ್ರಕಟಿಸಿದರು. ಆದರೂ ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಅವರು ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

1945ರಲ್ಲಿ ಭೌತಶಾಸ್ತ್ರದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋದವರಿಗೆ ದೊರೆತದ್ದು ಹವಾಮಾನ ಉಪಕರಣಗಳ ಅಧ್ಯಯನದ ಅವಕಾಶ. ಅದನ್ನೇ ಶ್ರದ್ಧೆಯಿಂದ ಕಲಿತು, 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಆಗ ಸಾಮಾನ್ಯ ಉಪಕರಣಗಳೂ ಪರದೇಶದಿಂದಲೇ ಬರಬೇಕಿತ್ತು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಸಿದ್ಧಗೊಳಿಸಿ ಇಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಅವರು ರೂಪಿಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲೆಂಬುದು ಅವರ ದೃಢ ನಂಬಿಕೆ. ದೇಶದ ಹಲವೆಡೆ ಸೂರ್ಯವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ನೆಲೆಗೊಳಿಸಿದರು. ಓಜೋನ್ ಅಳೆಯುವ ಸ್ವದೇಶೀ ಉಪಕರಣವನ್ನು ನಿರ್ಮಿಸಿದರು.

1976ರಲ್ಲಿ ಉಪಮಹಾನಿರ್ದೇಶಕರಾಗಿ ನಿವೃತ್ತರಾದ ಬಳಿಕವೂ ಅವರು ವಿರಮಿಸಲಿಲ್ಲ. ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವನ್ನೂ ನಡೆಸಿದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು.

ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಾರೂ ಆಗಿನ್ನೂ ಹುಟ್ಟಿರಲಿಲ್ಲ. ಗಡಿನಾಡಿನಲ್ಲಿ ಹತ್ತನೆಯ ತರಗತಿಗೇ ಹೆಣ್ಣುಮಕ್ಕಳ ಓದು ಸಾಕೆನ್ನುವ ಮನೆಗಳು ಇನ್ನೂ ಇವೆ. ಆ ಮನೆಗಳ ಹಿರಿಯರು ಈ ಚರಿತೆಯನ್ನು ಒಮ್ಮೆ ಓದಲೆಂಬುದು ನಮ್ಮ ವಿನಂತಿ. ಓಲೆಯ ಬದಲು ಪುಸ್ತಕ ಕೇಳುವ ಬಾಲಕಿ ಯಾವ ಮನೆಯಲ್ಲಿಯೂ ಇರಬಹುದು. ಅವಳು ಕಲಿತ ವಿದ್ಯೆ ನಾಳೆ ನದಿದಂಡೆಯ ಊರೊಂದನ್ನು ಕಾಯಬಹುದು.