ಇಂಗ್ಲಿಷ್ ಕಲಿಸಿದ ಕನ್ನಡದ ಕವಿ ವಿ. ಕೃ. ಗೋಕಾಕ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ಬಸ್ಸುಗಳ ಫಲಕಗಳಲ್ಲಿ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಎಂಬ ಹೆಸರುಗಳನ್ನು ನಮ್ಮ ಸಂಘದ ಸದಸ್ಯರೆಲ್ಲ ಓದಿಯೇ ಇರುತ್ತಾರೆ. ಹಬ್ಬಕ್ಕೆ, ಜಾತ್ರೆಗೆ, ಮದುವೆ-ಮುಂಜಿಗೆ ಊರಿಗೆ ಹೋಗುವ ದಾರಿ ಅದೇ. ಈ ಊರುಗಳಲ್ಲಿ ಹಲವು ಒಬ್ಬ ಹಿರಿಯ ಕನ್ನಡಿಗರ ವೃತ್ತಿಜೀವನದ ಮಜಲುಗಳೂ ಹೌದು. ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿ ಕೆಲಸ ಆರಂಭಿಸಿದ್ದು ನಮ್ಮ ಪುಣೆಯಲ್ಲಿ, ಸ್ವಾರಗೇಟದಿಂದ ನಾಲ್ಕೈದು ಕಿಲೋಮೀಟರ್ ದೂರದ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರೇ ಡಾ. ವಿನಾಯಕ ಕೃಷ್ಣ ಗೋಕಾಕ.

ಗೋಕಾಕ ಎಂದ ಕೂಡಲೇ ನಮಗೆ ನೆನಪಾಗುವುದು ಗೋಕಾಕ್ ವರದಿ, ಗೋಕಾಕ್ ಚಳವಳಿ, ಡಾ. ರಾಜ್‌ಕುಮಾರ್ ಅವರ ಸಭೆಗಳು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಭಾರತದಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕೇಂದ್ರ ಸರಕಾರ ಸ್ಥಾಪಿಸಿದ ಸಂಸ್ಥೆಯ ನಿರ್ದೇಶಕರಾಗಿ ದುಡಿದವರೂ ಅವರೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಬರೆದುಕೊಟ್ಟ ಕೈ ಇಂಗ್ಲಿಷ್ ಕಲಿಸಿ ಪಳಗಿದ ಕೈ. ಮಕ್ಕಳನ್ನು ಯಾವ ಶಾಲೆಗೆ ಸೇರಿಸೋಣ ಎಂದು ಪ್ರತಿ ಜೂನ್ ತಿಂಗಳಲ್ಲಿ ತಲೆ ಕೆಡಿಸಿಕೊಳ್ಳುವ ಹೊರನಾಡ ಕನ್ನಡಿಗರು ಈ ಜೀವನವನ್ನು ಒಮ್ಮೆ ನೋಡಬೇಕು.

ಗೋಕಾಕರು ಹುಟ್ಟಿದ್ದು 1909 ರ ಆಗಸ್ಟ್ 9 ರಂದು, ಸವಣೂರಿನಲ್ಲಿ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಈ ಊರು ಆಗ ನವಾಬರ ಸಣ್ಣ ಸಂಸ್ಥಾನದ ರಾಜಧಾನಿ. ಅಂದಿನ ಮುಂಬಯಿ ಇಲಾಖೆಯ ಪದ್ಧತಿಯಲ್ಲಿ ಮಗು ಮೊದಲು ನಾಲ್ಕು ಇಯತ್ತೆ ದೇಶಭಾಷೆಯಲ್ಲಿ ಓದಿ, ಆಮೇಲೆ ಇಂಗ್ಲಿಷಿನ ಮೊದಲ ಅಕ್ಷರ ಬರೆಯುತ್ತಿತ್ತು. ಅಲ್ಲಿಂದ ಮ್ಯಾಟ್ರಿಕ್‌ವರೆಗೆ ಏಳು ವರ್ಷ. ಆ ತಲೆಮಾರಿನವರ ಇಂಗ್ಲಿಷ್ ಚೆನ್ನಾಗಿತ್ತು ಎಂದು ನಾವು ಈಗಲೂ ಹೊಗಳುತ್ತೇವೆ. ಅವರು ಅದನ್ನು ಹತ್ತು ವರ್ಷ ತುಂಬುವ ಹೊತ್ತಿಗೆ ಶುರು ಮಾಡಿದವರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ.

ಮುಂದೆ ಧಾರವಾಡದ ಕರ್ನಾಟಕ ಕಾಲೇಜು. ಅಲ್ಲಿ ಅವರಿಗೆ ದ. ರಾ. ಬೇಂದ್ರೆಯವರ ಮತ್ತು ಗೆಳೆಯರ ಗುಂಪಿನ ಒಡನಾಟ ದೊರೆಯಿತು. ತರುಣ ಗೋಕಾಕರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ನಿನ್ನ ಪ್ರತಿಭೆ ಕನ್ನಡದಲ್ಲಿ ಅರಳಿದರೆ ನಿನಗೂ ಒಳಿತು, ಕನ್ನಡಕ್ಕೂ ಒಳಿತು ಎಂಬ ಅರ್ಥದಲ್ಲಿ ಬೇಂದ್ರೆಯವರು ಅವರನ್ನು ಈ ಕಡೆಗೆ ತಿರುಗಿಸಿದರೆಂದು ಹೇಳುತ್ತಾರೆ. ಅವರು ಬೇಂದ್ರೆಯವರನ್ನು ಕಾವ್ಯಗುರುವೆಂದು ಒಪ್ಪಿ, ವಿನಾಯಕ ಎಂಬ ಕಾವ್ಯನಾಮದಿಂದ ಬರೆದರು. ಇಂಗ್ಲಿಷನ್ನೂ ಬಿಡಲಿಲ್ಲ. ಹೊಟ್ಟೆಪಾಡಿನ ಭಾಷೆ ಅದು, ಮುಂದೆಯೂ ಆ ಭಾಷೆಯಲ್ಲಿ ಪುಸ್ತಕ ಬರೆಯುತ್ತಲೇ ಇದ್ದರು.

1931 ರಲ್ಲಿ ಎಂ.ಎ. ಮುಗಿಸಿ ಗೋಕಾಕರು ಫರ್ಗ್ಯುಸನ್ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಆಗ ಎಸ್‌.ಟಿ. ಬಸ್ಸುಗಳಿರಲಿಲ್ಲ, ಧಾರವಾಡ ಕಡೆಯಿಂದ ಪುಣೆಗೆ ಬರಲು ಮೀರಜ್ ಮೇಲೆ ಹಾಯುವ ಮೀಟರ್ ಗೇಜ್ ರೈಲು. ಇದೇ ಕಾಲೇಜಿನಲ್ಲಿ ಓದಿ ಬೇಂದ್ರೆಯವರು 1918 ರಲ್ಲಿ ಬಿ.ಎ. ಆಗಿದ್ದರು. ಗುರು ವಿದ್ಯಾರ್ಥಿಯಾಗಿದ್ದ ಕಾಲೇಜಿಗೆ ಹದಿಮೂರು ವರ್ಷಗಳ ನಂತರ ಶಿಷ್ಯ ಅಧ್ಯಾಪಕನಾಗಿ ಬಂದಂತಾಯಿತು. ಹಗಲು ಮರಾಠಿ ಹುಡುಗರಿಗೆ ಇಂಗ್ಲಿಷ್ ಕಾವ್ಯ ಹೇಳಿಕೊಡುತ್ತಿದ್ದ ಈ ಕನ್ನಡಿಗರ ಮೊದಲ ಕನ್ನಡ ಕವನ ಸಂಕಲನ ಕಲೋಪಾಸಕ 1934 ರಲ್ಲಿ, ಅವರು ಪುಣೆಯಲ್ಲಿದ್ದಾಗಲೇ ಹೊರಬಂತು. ಹೊರನಾಡಿನಲ್ಲಿದ್ದು ಕನ್ನಡಕ್ಕೆ ಏನು ಮಾಡಲು ಸಾಧ್ಯ ಎಂದು ನಮ್ಮ ಸಭೆಗಳಲ್ಲಿ ಕೇಳುವವರಿಗೆ ಇದೊಂದು ಉದಾಹರಣೆ.

1936 ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಅಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು 1938 ರಲ್ಲಿ ಮರಳಿದರು. ಹಡಗಿನ ಪ್ರಯಾಣ ಅವರಿಗೆ ಸಮುದ್ರ ಗೀತೆಗಳನ್ನು ಕೊಟ್ಟಿತು. ಬಂದ ಕೂಡಲೇ ಸಾಂಗ್ಲಿಯ ವಿಲಿಂಗ್‌ಡನ್ ಕಾಲೇಜಿನ ಪ್ರಾಚಾರ್ಯರಾದರು, ಆಗ ವಯಸ್ಸು ಮೂವತ್ತೂ ತುಂಬಿರಲಿಲ್ಲ. ಆಮೇಲೆ ಗುಜರಾತಿನ ವಿಸನಗರ, ಕೊಲ್ಹಾಪುರದ ರಾಜಾರಾಮ ಕಾಲೇಜು, 1952 ರಿಂದ ತಾವೇ ಕಲಿತ ಧಾರವಾಡದ ಕರ್ನಾಟಕ ಕಾಲೇಜು. ಹೀಗೆ ಮರಾಠಿ, ಗುಜರಾತಿ, ಕನ್ನಡ ಮನೆಮಾತಿನ ವಿದ್ಯಾರ್ಥಿಗಳ ನಡುವೆ ಅವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ದುಡಿದರು. 1958 ರಲ್ಲಿ ಬಳ್ಳಾರಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು.

ಅದೇ 1958 ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಗಿತ್ತು. ಬ್ರಿಟಿಷ್ ಕೌನ್ಸಿಲ್ ಮತ್ತು ಅಮೆರಿಕದ ಫೋರ್ಡ್ ಫೌಂಡೇಶನ್ ಅದಕ್ಕೆ ನೆರವಾಗಿದ್ದವು. 1959 ರಲ್ಲಿ ಗೋಕಾಕರು ಅದರ ನಿರ್ದೇಶಕರಾದರು, 1966 ರವರೆಗೆ ಅಲ್ಲಿದ್ದರು.

ಇಂಥ ಸಂಸ್ಥೆ ಏಕೆ ಬೇಕಾಯಿತು? ಸ್ವಾತಂತ್ರ್ಯದ ನಂತರ ಶಾಲೆಗಳು ಹಳ್ಳಿ ಹಳ್ಳಿಗೂ ಬಂದವು, ಮಕ್ಕಳ ಸಂಖ್ಯೆ ಬೆಳೆಯಿತು, ಇಂಗ್ಲಿಷ್ ಬಲ್ಲ ಮಾಸ್ತರರ ಸಂಖ್ಯೆ ಅದೇ ವೇಗದಲ್ಲಿ ಬೆಳೆಯಲಿಲ್ಲ. ಕಲಿಸುತ್ತಿದ್ದ ರೀತಿಯೂ ಹಳೆಯದು. ಮಾಸ್ತರರು ಪಾಠದ ಒಂದು ವಾಕ್ಯ ಓದುವುದು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ವ್ಯಾಕರಣದ ಸೂತ್ರ ಬಾಯಿಪಾಠ ಮಾಡಿಸುವುದು. ನಮ್ಮ ಪೈಕಿ ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಈ ಗರಡಿಯಲ್ಲೇ ತಯಾರಾದವರು. ಮಹಾರಾಷ್ಟ್ರದವರಿಗೆ ತರ್ಖಡಕರರ ಭಾಷಾಂತರ ಪಾಠಮಾಲೆ ಇತ್ತು. ಹಗಲು ಕೌಂಟರಿನಲ್ಲಿ ಕೂತು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನನ್ನಂಥವರಿಗೆ ಆ ಪದ್ಧತಿಯ ಲಾಭ-ನಷ್ಟ ಎರಡೂ ಗೊತ್ತು. ಮುಖ್ಯ ಕಚೇರಿಗೆ ತಪ್ಪಿಲ್ಲದ ಪತ್ರ ಬರೆಯಬಹುದು. ಆದರೆ ಮುಖ್ಯ ಕಚೇರಿಯವರು ಫೋನ್ ಮಾಡಿದರೆ ಪಕ್ಕದವರ ಕೈಗೆ ರಿಸೀವರ್ ಕೊಡುವಂತಾಗುತ್ತದೆ.

ಈ ಕೊರತೆಗೆ ಆ ದಿನಗಳ ತಜ್ಞರು ಕಂಡ ಮದ್ದು ರಚನಾ ಪದ್ಧತಿ. ಇಂಗ್ಲಿಷಿನ ಮೂಲ ವಾಕ್ಯರಚನೆಗಳನ್ನು ಆರಿಸಿ, ಸುಲಭದಿಂದ ಕಠಿಣಕ್ಕೆ ಮೆಟ್ಟಿಲಿನಂತೆ ಜೋಡಿಸಿ, ಒಂದು ಸಲಕ್ಕೆ ಒಂದೇ ಹೊಸದನ್ನು ಕಲಿಸುವುದು. ಮೊದಲು ಕಿವಿಗೆ, ನಂತರ ಬಾಯಿಗೆ, ಆಮೇಲೆ ಓದು, ಕೊನೆಗೆ ಬರಹ. ಮಾಸ್ತರರು ಪೆನ್ನು ಎತ್ತಿ ಹಿಡಿದು ದಿಸ್ ಈಸ್ ಎ ಪೆನ್ ಎನ್ನುವುದು, ಇಡೀ ತರಗತಿ ವಸ್ತು ಬದಲಿಸಿ ಅದೇ ವಾಕ್ಯ ಹೇಳುವುದು. ಪದಗಳಿಗೂ ಮಿತಿ. ಢಾಕಾದಲ್ಲಿ ಶಿಕ್ಷಕ ತರಬೇತಿಯ ಕೆಲಸ ಮಾಡಿದ ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷರು ಬಂಗಾಳಿ ಮಕ್ಕಳನ್ನು ಕಂಡೇ ಸೀಮಿತ ಪದಗಳ ವಾಚಕಗಳನ್ನು ಸಿದ್ಧಪಡಿಸಿದ್ದರು, 1953 ರಲ್ಲಿ ಅವರ ಸುಮಾರು 2,000 ಪದಗಳ ಪಟ್ಟಿ ಪ್ರಕಟವಾಗಿತ್ತು. ಅಂದರೆ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಶಾಸ್ತ್ರದ ಒಂದು ಬೇರು ನಮ್ಮ ಉಪಖಂಡದ ಮಣ್ಣಿನಲ್ಲೇ ಇದೆ.

ಹೈದರಾಬಾದಿನ ಸಂಸ್ಥೆಗೆ ಬೇರೆ ಬೇರೆ ರಾಜ್ಯಗಳಿಂದ ಅಧ್ಯಾಪಕರು ತರಬೇತಿಗೆ ಬರುತ್ತಿದ್ದರು. ಉಚ್ಚಾರಣೆ, ಪಠ್ಯಪುಸ್ತಕ ರಚನೆ, ಪರೀಕ್ಷೆ, ಪಾಠ ಹೇಳುವ ಕ್ರಮ ಇವೆಲ್ಲ ಅಲ್ಲಿ ಅಭ್ಯಾಸದ ವಿಷಯ. ಇಂಗ್ಲಿಷ್ ಮನೆಮಾತಲ್ಲದ ಮಗುವಿಗೆ ಅದು ಎಲ್ಲಿ ಎಡವುತ್ತದೆ ಎಂದು ಗೊತ್ತುಮಾಡಿಕೊಂಡು ಅಲ್ಲಿಯೇ ಕೈ ಹಿಡಿಯಬೇಕು ಎಂಬುದು ಈ ಶಾಸ್ತ್ರದ ತಿರುಳು. ಕನ್ನಡದ ಮಗುವನ್ನೇ ನೋಡೋಣ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ. ಮೇಜಿನ ಮೇಲೆ ಎನ್ನುವಾಗ ನಮಗೆ ಮೇಜು ಮೊದಲು, ಅವರಿಗೆ ಮೇಲೆ ಮೊದಲು. ಎ, ಆ್ಯನ್, ದಿ ಎಂಬ ಮೂರು ಪುಟ್ಟ ಪದಗಳಿಗೆ ಕನ್ನಡದಲ್ಲಿ ಜೋಡಿಯೇ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ ಎನ್ನುವಲ್ಲಿ ನಮಗೆ ಇರುವ ಕ್ರಿಯೆ, ಅವರಿಗೆ ಹೊಂದಿರುವ ಕ್ರಿಯೆ. ವ್ಯಂಜನಕ್ಕೆ ಪದ ಮುಗಿದರೆ ನಮ್ಮ ನಾಲಿಗೆ ಒಂದು ಉಕಾರ ಸೇರಿಸಿ ಬಸ್ಸು, ಬ್ಯಾಂಕು, ಚೆಕ್ಕು ಎನ್ನುತ್ತದೆ.

ಇಲ್ಲಿ ನಮ್ಮ ಪುಣೆಯ ಮಾತೊಂದು ಹೇಳಬೇಕು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗು ಮಾಸ್ತರರಿಲ್ಲದೆ, ಪುಸ್ತಕವಿಲ್ಲದೆ ಗಲ್ಲಿಯಲ್ಲಿ ಆಡುತ್ತಲೇ ಕೆಲವು ತಿಂಗಳಲ್ಲಿ ಮರಾಠಿ ಕಲಿಯುತ್ತದೆ. ಮರಾಠಿಯಲ್ಲೂ ಕ್ರಿಯಾಪದ ಕೊನೆಗೇ, ನನಗೆ ಇಬ್ಬರು ಮಕ್ಕಳಿದ್ದಾರೆ ಎಂಬ ವಾಕ್ಯದ ಅಚ್ಚೂ ನಮ್ಮದರಂತೆಯೇ. ಅದಕ್ಕಿಂತ ಹೆಚ್ಚಾಗಿ, ಆ ಮಾತು ದಿನವಿಡೀ ಕಿವಿಗೆ ಬೀಳುತ್ತದೆ. ಅದೇ ಮಗು ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿಯೂ ಬ್ಯಾಂಕಿನ ಹಣ ತುಂಬುವ ಚೀಟಿಯ ಇಂಗ್ಲಿಷ್ ಭಾಗದ ಮುಂದೆ ತಡವರಿಸುತ್ತದೆ. ಬುದ್ಧಿಯ ಕೊರತೆ ಖಂಡಿತ ಅಲ್ಲ. ಮರಾಠಿ ಅದಕ್ಕೆ ನೆರೆಯವರ ಭಾಷೆ, ಇಂಗ್ಲಿಷ್ ಪರಭಾಷೆ. ಪರಭಾಷೆಗೆ ಪಳಗಿದ ಮಾಸ್ತರರು ಬೇಕು.

ಗೋಕಾಕರ ಕಾಲದ ಪದ್ಧತಿಯೇ ಕೊನೆಯ ಮಾತಾಗಲಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ, ಕೆಲವೇ ವಾರಗಳ ತರಬೇತಿ ಪಡೆದ ಮಾಸ್ತರರ ಕೈಯಲ್ಲಿ ರಚನೆಗಳ ಅಭ್ಯಾಸವೂ ಇನ್ನೊಂದು ಬಾಯಿಪಾಠವಾಯಿತು. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿ 1963 ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. 1979 ರಿಂದ 1984 ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು ಮೊದಲಾದೆಡೆಯ ಶಾಲೆಗಳಲ್ಲಿ ರಚನೆಗಳ ಅಭ್ಯಾಸವನ್ನೇ ಬಿಟ್ಟು, ನಕ್ಷೆ ನೋಡಿ ದಾರಿ ಹೇಳು, ರೈಲಿನ ವೇಳಾಪಟ್ಟಿ ನೋಡಿ ಉತ್ತರಿಸು ಎಂಬಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸುವ ಪ್ರಯೋಗ ನಡೆಸಿದರು. ಜಗತ್ತಿನಾದ್ಯಂತ ಭಾಷಾ ಶಿಕ್ಷಕರು ಇಂದಿಗೂ ಅದನ್ನು ಬೆಂಗಳೂರು ಪ್ರಯೋಗವೆಂದು ಓದುತ್ತಾರೆ. ಹೈದರಾಬಾದಿನ ಸಂಸ್ಥೆಯೂ ಬೆಳೆದು 2007 ರಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ಹೈದರಾಬಾದಿನಲ್ಲಿದ್ದಾಗಲೇ ಗೋಕಾಕರಿಗೆ 1960 ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದ್ಯಾವಾ ಪೃಥಿವೀ ಕವನ ಸಂಕಲನಕ್ಕೆ ಬಂತು, 1961 ರಲ್ಲಿ ಪದ್ಮಶ್ರೀ. ಭಾರತದಲ್ಲಿ ಇಂಗ್ಲಿಷಿನ ಇಂದು ಮತ್ತು ಮುಂದನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1964 ರಲ್ಲಿ ಪ್ರಕಟವಾಯಿತು. 1966 ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಬಳಿಕ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ಸ್ಥಾನಮಾನಗಳ ಪಟ್ಟಿ ಉದ್ದವಿದೆ, ಅದನ್ನು ಬಿಟ್ಟು ವರದಿಯ ಸಂಗತಿಗೆ ಬರುತ್ತೇನೆ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಆಗ ಕನ್ನಡವನ್ನೇ ಓದದೆ, ಹೆಚ್ಚು ಅಂಕ ಸಿಗುತ್ತದೆಂದು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಎಸ್‌.ಎಸ್‌.ಎಲ್‌.ಸಿ. ಮುಗಿಸಲು ಅವಕಾಶವಿತ್ತು. ವಿವಾದ ಬೆಳೆದಾಗ ಸರಕಾರ 1980 ರ ಜುಲೈಯಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು ಕನ್ನಡದ ಪರ ನಿಲ್ಲುತ್ತಾರೆಯೇ ಎಂಬ ಅನುಮಾನ ಅನೇಕರಿಗಿತ್ತು. ಸಮಿತಿ ಬಂದಾಗ ಹಿಂದಿರುಗಿ ಹೋಗಿ ಎಂದು ಪ್ರತಿಭಟಿಸಿದ ಕನ್ನಡಾಭಿಮಾನಿಗಳೂ ಇದ್ದರು. 1981 ರ ಜನವರಿಯಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ. ಅನುಮಾನಿಸಿದವರೇ ವರದಿ ಜಾರಿಯಾಗಲಿ ಎಂದು ಬೀದಿಗಿಳಿದರು. 1982 ರಲ್ಲಿ ಡಾ. ರಾಜ್‌ಕುಮಾರ್ ಮುಂದಾಳಾದ ಮೇಲೆ ಚಳವಳಿ ರಾಜ್ಯವನ್ನೇ ವ್ಯಾಪಿಸಿತು.

ಅವರು ಇಂಗ್ಲಿಷಿನ ವಿರೋಧಿಯಾದರೇ? ಇಲ್ಲ. ಪ್ರಥಮ ಭಾಷೆ ಎಂದರೆ ಮಗು ನಿಂತ ನೆಲ, ಪರಭಾಷೆ ಎಂದರೆ ಅಲ್ಲಿಂದ ಕೈ ಚಾಚಿ ಹಿಡಿಯುವ ಕೊಂಬೆ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯುವುದು ಬೇರೆ, ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಓದುವುದು ಬೇರೆ. ನಾವು ಇವೆರಡನ್ನೂ ಒಂದೇ ಎಂದು ತಿಳಿದು ಶುಲ್ಕ ಕಟ್ಟುತ್ತೇವೆ ಎಂಬುದು ನನ್ನ ಅನಿಸಿಕೆ, ಒಪ್ಪದವರು ಇರಬಹುದು. ಮಹಾರಾಷ್ಟ್ರ 2000 ದಲ್ಲಿ, ಕರ್ನಾಟಕ 2007 ರಲ್ಲಿ ಒಂದನೆಯ ತರಗತಿಯಿಂದಲೇ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ವಿಷಯವಾಗಿ ತಂದವು. ಇಲ್ಲಿ 2020 ರ ಕಾಯ್ದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ. ಇರುವ ಊರಿನ ಭಾಷೆ ಕಲಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಜಾಗವಿಲ್ಲದೆ ಉಳಿಯುವುದು ಕನ್ನಡ ಒಂದೇ. ಗೋಕಾಕರ ವರದಿ ಕರ್ನಾಟಕದ ಗಡಿಗೆ ನಿಲ್ಲುತ್ತದೆ, ಗಡಿಯಾಚೆಯ ಕನ್ನಡದ ಮಗುವಿಗೆ ಪ್ರಥಮ ಭಾಷೆಯ ಪಾಠ ಮನೆಯಲ್ಲಿ ಮತ್ತು ಸಂಘದ ರವಿವಾರದ ತರಗತಿಯಲ್ಲಿ ಆಗಬೇಕು.

ಗೋಕಾಕರು ಭಾರತ ಸಿಂಧು ರಶ್ಮಿ ಎಂಬ ಸುಮಾರು 35,000 ಸಾಲುಗಳ ಮಹಾಕಾವ್ಯವನ್ನು ಕನ್ನಡದಲ್ಲಿ ಪೂರೈಸಿದರು. 1981 ರಿಂದ 1985 ರವರೆಗೆ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಕುಲಪತಿಯಾಗಿದ್ದರು. 1990 ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿಯವರ ನಂತರ ಕನ್ನಡಕ್ಕೆ ಬಂದ ಐದನೆಯದು. 1992 ರ ಏಪ್ರಿಲ್ 28 ರಂದು ಗೋಕಾಕರು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ.